ಸೆಲ್ ಲೈನ್‌ನಲ್ಲಿ ಜೀನ್ ನಾಕ್‌ಔಟ್: ಗೈಡ್ ಆಯ್ಕೆಯಿಂದ ಪ್ರೋಟೀನ್ ಪುರಾವೆಯವರೆಗೆ

ಡಿಎನ್‌ಎ ಸೀಕ್ವೆನ್ಸಿಂಗ್‌ನಲ್ಲಿ ಬದಲಾವಣೆ ಕಾಣುತ್ತಿದೆ, ಕ್ಲೋನ್ (ಒಂದೇ ಕೋಶದಿಂದ ಬೆಳೆದ ಗುಂಪು) ಬೆಳೆದಿದೆ, ಮೂರು ತಿಂಗಳ ಕೆಲಸ ಮುಗಿಯಿತು ಅನ್ನುವ ಹೊತ್ತಿಗೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಇದೆಯೇ ಎಂದು ಆ್ಯಂಟಿಬಾಡಿಯಿಂದ ನೋಡುವ ಪರೀಕ್ಷೆ) ಹಾಕಿದರೆ ಪ್ರೋಟೀನ್ ಇದ್ದಲ್ಲೇ ಇರುತ್ತದೆ. ಗೈಡ್ ಆರ್‌ಎನ್‌ಎ ತೋರಿದ ಜಾಗದಲ್ಲಿ ಕ್ಯಾಸ್9 ಎಂಜೈಮ್‌ನಿಂದ ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ಹಿಡಿದು ನಾಕ್‌ಔಟ್ ಮಾಡಲು, ಅಂದರೆ ಒಂದು ಜೀನ್ ಕೆಲಸ ಮಾಡದಂತೆ ಕೆಡಿಸಲು, ಹೊರಟವರು ಮತ್ತೆ ಮತ್ತೆ ಬಂದು ನಿಲ್ಲುವುದು ಇಲ್ಲಿಗೇ. ಟ್ರಾನ್ಸ್‌ಫೆಕ್ಷನ್ (ಕೋಶದೊಳಗೆ ಡಿಎನ್‌ಎ ಸೇರಿಸುವ ಹಂತ) ಕೆಟ್ಟಿರಬೇಕು ಅಂದುಕೊಂಡು ರಿಯೇಜೆಂಟ್ ಬದಲಿಸಿ ಮೊದಲಿನಿಂದ ಶುರು ಮಾಡುತ್ತಾರೆ. ತಪ್ಪು ಸಾಮಾನ್ಯವಾಗಿ ಬೇರೆ ಎರಡು ಕಡೆ ಇರುತ್ತದೆ: ಜೀನ್‌ನಲ್ಲಿ ಕತ್ತರಿಸಲು ಆರಿಸಿದ ಜಾಗ ಒಂದು, ಪೂಲ್‌ನಲ್ಲಿ (ಇನ್ನೂ ಬೇರ್ಪಡಿಸದ ಕೋಶಗಳ ಒಟ್ಟು ಗುಂಪಿನಲ್ಲಿ) ಎಷ್ಟು ಕತ್ತರಿಸಿದೆ ಎಂದು ಅಳೆಯದೆ ಒಂಟಿ ಕೋಶಗಳನ್ನು ಬೇರ್ಪಡಿಸಲು ಧಾವಿಸಿದ್ದು ಇನ್ನೊಂದು.

ಇಲ್ಲಿ ವಿವರಿಸುವುದು ಎಚ್‌ಇಕೆ293ಟಿ ಎಂಬ ಮಾನವ ಸೆಲ್ ಲೈನ್‌ನ (ಪ್ರಯೋಗಾಲಯದಲ್ಲಿ ಬೆಳೆಯುತ್ತಲೇ ಇರುವ) ಕೋಶಗಳಲ್ಲಿ, ಕ್ಯಾಸ್9 ಮತ್ತು ಗೈಡ್ ಎರಡನ್ನೂ ಹೊರುವ ಪಿಎಕ್ಸ್459 ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) ಬಳಸಿ, ಒಂದು ಜೀನ್‌ನ ಪೂರ್ತಿ ನಾಕ್‌ಔಟ್ ಮಾಡುವ ಕ್ರಮ. ಬೇರೆ ಸೆಲ್ ಲೈನ್ ಆದರೂ ಹಂತಗಳ ಕ್ರಮ ಇದೇ, ಸಂಖ್ಯೆಗಳು ಬದಲಾಗುತ್ತವೆ. ಎಲ್ಲವೂ ಸರಿಯಾಗಿ ನಡೆದರೆ ಒಂಬತ್ತರಿಂದ ಹತ್ತು ವಾರ ಹಿಡಿಯುತ್ತದೆ.

## ಶುರು ಮಾಡುವ ಮುನ್ನ: ನಾಕ್‌ಔಟೇ ಬೇಕೇ?

ಕೋಶ ಬದುಕಲು ಅನಿವಾರ್ಯವಾದ ಜೀನ್ ಆದರೆ ನಾಕ್‌ಔಟ್ ಕ್ಲೋನ್ ಸಿಗುವುದೇ ಇಲ್ಲ. ಸಿಕ್ಕವೆಲ್ಲ ಒಂದು ಪ್ರತಿಯನ್ನಾದರೂ ಉಳಿಸಿಕೊಂಡ ಕೋಶಗಳಾಗಿರುತ್ತವೆ. ಹಾಗಾಗಿ ಮೊದಲು ಡೆಪ್‌ಮ್ಯಾಪ್ ತಾಣದಲ್ಲಿ ನಿಮ್ಮ ಜೀನ್‌ನ ಹೆಸರು ಕೊಟ್ಟು, ಅದು ಹೆಚ್ಚಿನ ಸೆಲ್ ಲೈನ್‌ಗಳಿಗೆ ಅನಿವಾರ್ಯವೇ ಎಂದು ನೋಡಿ. ಹೌದು ಎಂದಾದರೆ ಎಸ್‌ಐಆರ್‌ಎನ್‌ಎ (ಜೀನ್‌ನ ಎಂಆರ್‌ಎನ್‌ಎಯನ್ನು ನಾಶಮಾಡುವ ಚಿಕ್ಕ ಆರ್‌ಎನ್‌ಎ) ಬಳಸಿ ಎರಡು-ಮೂರು ದಿನದ ಮಟ್ಟಿಗೆ ಜೀನ್ ಅನ್ನು ತಗ್ಗಿಸಿ, ಇಲ್ಲವೇ ಡಿಎನ್‌ಎ ಕತ್ತರಿಸದೆ ಜೀನ್ ತಗ್ಗಿಸುವ ಡಿಕ್ಯಾಸ್9-ಕ್ರ್ಯಾಬ್ ಬಳಸುವ ಕ್ರಿಸ್ಪರ್‌ಐ ಮಾರ್ಗ ಹಿಡಿಯಿರಿ.

ಅನುಮತಿಯನ್ನು ಕೊನೆಗೆ ಬಿಡಬೇಡಿ. ಭಾರತದಲ್ಲಿ ಈ ಕೆಲಸ ತಳಿ ಮಾರ್ಪಡಿಸಿದ ಜೀವಿ ಮತ್ತು ಕೋಶಗಳ ಕುರಿತ 1989ರ ನಿಯಮಗಳ ಅಡಿಯಲ್ಲಿ ಬರುತ್ತದೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಪ್ರಸ್ತಾವ ಇಡಬೇಕು. ಲೆಂಟಿವೈರಸ್ ಬಳಸುವುದಾದರೆ ಎರಡನೇ ಹಂತದ ಜೈವಿಕ ಸುರಕ್ಷತೆಯ ಕೋಣೆ ಬೇಕೇ ಬೇಕು.

## ಕೈಯಲ್ಲಿ ಇರಬೇಕಾದದ್ದು

- ಮೈಕೋಪ್ಲಾಸ್ಮಾ (ಕೋಶಗಳಿಗೆ ಅಂಟುವ ಪುಟ್ಟ ಬ್ಯಾಕ್ಟೀರಿಯಾ) ಇಲ್ಲವೆಂದು ಪರೀಕ್ಷಿಸಿದ, ಕಡಿಮೆ ಪ್ಯಾಸೇಜ್‌ನ (ಕಡಿಮೆ ಬಾರಿ ಮರುಹಂಚಿ ಬೆಳೆಸಿದ) ಎಚ್‌ಇಕೆ293ಟಿ. ಡಿಎಂಇಎಂ ಮೀಡಿಯಾ, 10% ಎಫ್‌ಬಿಎಸ್ (ಭ್ರೂಣ ಕರುವಿನ ಸೀರಮ್)
- ಪಿಎಕ್ಸ್459ರ ಎರಡನೇ ಆವೃತ್ತಿ (ಆ್ಯಡ್‌ಜೀನ್ ಪ್ಲಾಸ್ಮಿಡ್ ಸಂಗ್ರಹದ ಸಂಖ್ಯೆ 62988), ಜೊತೆಗೆ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನ್ ಹೊತ್ತ ಅದರ ಸೋದರ ಪಿಎಕ್ಸ್458
- ಬಿಬಿಎಸ್1 ಎಂಜೈಮ್ (ಡಿಎನ್‌ಎ ಕತ್ತರಿಸಲು), ಟಿ4 ಪಿಎನ್‌ಕೆ (ತುದಿಗೆ ಫಾಸ್ಫೇಟ್ ಸೇರಿಸಲು), ಟಿ4 ಲೈಗೇಸ್ (ತುಂಡು ಜೋಡಿಸಲು)
- ಪಿಇಐ (1 ಮಿಲಿಗ್ರಾಂ/ಮಿಲಿ ಲೀಟರ್) ಅಥವಾ ನಿಮಗೆ ರೂಢಿಯಿರುವ ಟ್ರಾನ್ಸ್‌ಫೆಕ್ಷನ್ ರಿಯೇಜೆಂಟ್
- ಪ್ಯೂರೋಮೈಸಿನ್ (ಪಿಎಕ್ಸ್459 ಇಲ್ಲದ ಕೋಶಗಳನ್ನು ಕೊಲ್ಲುವ ಔಷಧಿ)
- ಜೀನೋಮಿಕ್ ಡಿಎನ್‌ಎ ಕಿಟ್, ತಪ್ಪು ಕಡಿಮೆ ಮಾಡುವ ಪಾಲಿಮರೇಸ್
- ನಿಮ್ಮ ಪ್ರೋಟೀನ್‌ಗೆ ಕೆಲಸ ಮಾಡುತ್ತದೆಂದು ಮೊದಲೇ ಪರೀಕ್ಷಿಸಿದ ಆ್ಯಂಟಿಬಾಡಿ

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಕ್ಲೋನ್ ಕೈಗೆ ಬಂದ ಮೇಲೆ ಆ್ಯಂಟಿಬಾಡಿ ಹುಡುಕಿಕೊಂಡು ಹೊರಡುವವರು ಬಹಳ. ಒಳ್ಳೆಯ ಆ್ಯಂಟಿಬಾಡಿ ಸಿಗದ ಪ್ರೋಟೀನ್ ಆದರೆ ಯಾವ ಪುರಾವೆ ಒಪ್ಪುತ್ತೀರಿ ಎಂದು ಈಗಲೇ ತೀರ್ಮಾನವಾಗಲಿ: ಮಾಸ್ ಸ್ಪೆಕ್ಟ್ರೋಮೆಟ್ರಿಯೋ, ಎಂಜೈಮ್ ಚಟುವಟಿಕೆಯೋ.

## ಹಂತ 1: ಕೋಶಗಳನ್ನು ಅರಿಯುವುದು

ಮೈಕೋಪ್ಲಾಸ್ಮಾವನ್ನು ಪಿಸಿಆರ್‌ನಿಂದ ಪರೀಕ್ಷಿಸಿ. ಮೈಕ್ರೋಸ್ಕೋಪ್‌ನಲ್ಲಿ ಅದು ಕಾಣುವುದಿಲ್ಲ, ಮೀಡಿಯಾ ಕದಡುವುದೂ ಇಲ್ಲ. ಕೋಶಗಳ ಗುರುತನ್ನು ಎಸ್‌ಟಿಆರ್ ಪ್ರೊಫೈಲ್‌ನಿಂದ (ಡಿಎನ್‌ಎ ಬೆರಳಚ್ಚಿನಂಥ ಪರೀಕ್ಷೆ) ಖಚಿತಪಡಿಸಿ. ಪಕ್ಕದ ಪ್ರಯೋಗಾಲಯದಿಂದ ತಂದ ಫ್ಲಾಸ್ಕ್ ಆದರೆ ಈ ಎರಡೂ ಆಗದೆ ಮುಂದೆ ಹೋಗಬೇಡಿ. ಹೊಸದಾಗಿ ತರಿಸುವುದಾದರೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಸಂಗ್ರಹವಿದೆ.

ನಂತರ ನಿಮ್ಮ ಜೀನ್‌ಗೆ ಎಷ್ಟು ಪ್ರತಿಗಳಿವೆ ಎಂದು ತಿಳಿಯಬೇಕು. ಎಚ್‌ಇಕೆ293ಟಿ ಎರಡು ಜೊತೆ ಕ್ರೋಮೋಸೋಮ್‌ಗಳ ಕೋಶವಲ್ಲ. ಹೆಚ್ಚಿನ ಜೀನ್‌ಗಳಿಗೆ ಮೂರರ ಆಸುಪಾಸು ಪ್ರತಿಗಳಿರುತ್ತವೆ, ಕ್ರೋಮೋಸೋಮ್‌ಗೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ. ಎಚ್‌ಸಿಟಿ116ರಲ್ಲಿ ಸುಮಾರಾಗಿ ಎರಡು, ಎಚ್‌ಎಪಿ1ರಲ್ಲಿ ಸುಮಾರಾಗಿ ಒಂದು. ಈ ಒಂದು ಸಂಖ್ಯೆಯ ಮೇಲೆ ನೀವು ಎಷ್ಟು ಕ್ಲೋನ್ ಎತ್ತಬೇಕು ಅನ್ನುವುದು ನಿಂತಿದೆ.

ಆಮೇಲೆ ಪ್ಯೂರೋಮೈಸಿನ್‌ನ ಸಾವಿನ ರೇಖೆ. 24 ವೆಲ್ ಪ್ಲೇಟ್‌ನಲ್ಲಿ ಕೋಶ ಹಾಕಿ, ಮರುದಿನ ಮಿಲಿ ಲೀಟರ್‌ಗೆ 0, 0.25, 0.5, 1, 2, 3, 5 ಮೈಕ್ರೋಗ್ರಾಂ ಕೊಡಿ. 48 ಗಂಟೆಯಲ್ಲಿ ಒಂದು ಕೋಶವೂ ಉಳಿಯದ ಅತಿ ಕಡಿಮೆ ಪ್ರಮಾಣವೇ ನಿಮ್ಮದು. ಎಚ್‌ಇಕೆ293ಟಿಗೆ ಇದು ಸಾಮಾನ್ಯವಾಗಿ 1ರಿಂದ 2 ಮೈಕ್ರೋಗ್ರಾಂ. ಬೇರೆಯವರ ಲೇಖನದಲ್ಲಿ ಕಂಡ ಸಂಖ್ಯೆಯನ್ನು ನಕಲು ಮಾಡಬೇಡಿ; ಸೀರಮ್ ಬ್ಯಾಚ್ ಬದಲಾದರೂ ಇದು ಬದಲಾಗುತ್ತದೆ. ಇದೇ ಕೋಶಗಳಿಗೆ ನಿಯೋಮೈಸಿನ್ ವರ್ಗದ ಜಿ418 ಕೊಟ್ಟು ಆಯ್ಕೆ ಮಾಡಲು ಹೋಗಲೇಬೇಡಿ. ಅವುಗಳ ಒಳಗೆ ಆಗಲೇ ನಿಯೋಮೈಸಿನ್ ಪ್ರತಿರೋಧದ ಜೀನ್ ಇದೆ, ಯಾವುದೂ ಸಾಯುವುದಿಲ್ಲ.

## ಹಂತ 2: ಎಲ್ಲಿ ಕತ್ತರಿಸಬೇಕು

ಇಡೀ ಕೆಲಸದ ಗೆಲುವು ಸೋಲು ಹೆಚ್ಚಾಗಿ ಈ ಮಧ್ಯಾಹ್ನವೇ ನಿರ್ಧಾರವಾಗುತ್ತದೆ. ಆತುರ ಬೇಡ. ಕ್ಯಾಸ್9 ಕತ್ತರಿಸಿದ್ದನ್ನು ಕೋಶ ಕೂಡಿಸುವಾಗ ಕೆಲವು ಅಕ್ಷರ (ಬೇಸ್) ಅಳಿದೋ ಸೇರಿಯೋ ಹೋಗುತ್ತವೆ, ಜೀನ್ ಕೆಡುವುದು ಹಾಗೆ.

ಎನ್‌ಸೆಂಬಲ್ ಎಂಬ ಜೀನೋಮ್ ತಾಣದಲ್ಲಿ ಜೀನ್ ತೆರೆದು ಎಲ್ಲ ಟ್ರಾನ್ಸ್‌ಕ್ರಿಪ್ಟ್‌ಗಳನ್ನೂ (ಅದರಿಂದ ತಯಾರಾಗುವ ಆರ್‌ಎನ್‌ಎ ರೂಪಗಳನ್ನೂ) ಒಂದರ ಕೆಳಗೆ ಒಂದು ಇಟ್ಟು ನೋಡಿ. ಪ್ರೋಟೀನ್ ಕೊಡುವ ಎಲ್ಲ ರೂಪಗಳಲ್ಲೂ ಇರುವ ಎಕ್ಸಾನ್ (ಅಂತಿಮ ಎಂಆರ್‌ಎನ್‌ಎಯಲ್ಲಿ ಉಳಿಯುವ ಜೀನ್‌ನ ತುಂಡು) ಮಾತ್ರ ಗುರಿಯಾಗಬೇಕು. ಆ ಪಟ್ಟಿಯನ್ನು ಇನ್ನೂ ಮೂರು ಪ್ರಶ್ನೆಗಳಿಂದ ಸೋಸಿ.

ಎಕ್ಸಾನ್‌ನ ಉದ್ದ ಮೂರರಿಂದ ಭಾಗವಾಗುತ್ತದೆಯೇ? ಆದರೆ ಕೋಶ ಆ ಎಕ್ಸಾನ್ ಅನ್ನೇ ಬಿಟ್ಟು ಸ್ಪ್ಲೈಸ್ ಮಾಡಿ (ಉಳಿದವನ್ನು ಜೋಡಿಸಿ), ಚೌಕಟ್ಟು (ಮೂರು ಮೂರು ಅಕ್ಷರವಾಗಿ ಓದುವ ಕ್ರಮ) ತಪ್ಪದ, ಸ್ವಲ್ಪ ಚಿಕ್ಕದಾದ, ಕೆಲಸ ಮಾಡಬಲ್ಲ ಪ್ರೋಟೀನ್ ತಯಾರಿಸಿಬಿಡಬಹುದು. 120 ಬೇಸ್‌ನ ಎಕ್ಸಾನ್‌ಗಿಂತ 121ರದ್ದು ಒಳ್ಳೆಯದು.

ಕತ್ತರಿಸುವ ಜಾಗದ ಸ್ವಲ್ಪ ಮುಂದೆಯೇ ಅದೇ ಚೌಕಟ್ಟಿನಲ್ಲಿ ಇನ್ನೊಂದು ಎಟಿಜಿ (ಪ್ರೋಟೀನ್ ತಯಾರಿಕೆ ಶುರುವಾಗುವ ಸಂಕೇತ) ಇದೆಯೇ? ಇದ್ದರೆ ಅನುವಾದ ಅಲ್ಲಿಂದ ಮತ್ತೆ ಶುರುವಾಗಬಹುದು. ಮೊದಲ ಎಕ್ಸಾನ್‌ನಲ್ಲಿ ಕತ್ತರಿಸಿ, ಎನ್-ತುದಿಯ ಮೂವತ್ತು ಅಮೈನೋ ಆಮ್ಲ ಇಲ್ಲದ, ಉಳಿದಂತೆ ಪೂರ್ತಿಯಾಗಿರುವ ಪ್ರೋಟೀನ್ ಪಡೆದವರು ಎಷ್ಟೋ ಜನ. ‘ಎಷ್ಟು ಮುಂಚೆಯೋ ಅಷ್ಟು ಒಳ್ಳೆಯದು’ ಅನ್ನುವ ಮಾತನ್ನು ಹಾಗೇ ನಂಬಬೇಡಿ.

ಕೊನೆಯ ಎಕ್ಸಾನ್‌ಗೆ ತೀರ ಹತ್ತಿರವಿದೆಯೇ? ಅಕಾಲ ಸ್ಟಾಪ್ ಕೋಡಾನ್ ಕೊನೆಯ ಎಕ್ಸಾನ್ ಸಂಧಿಗಿಂತ ಸುಮಾರು 50–55 ಬೇಸ್‌ಗಿಂತ ಹೆಚ್ಚು ಹಿಂದೆ ಬೀಳದಿದ್ದರೆ ಎಂಆರ್‌ಎನ್‌ಎ ನಾಶವಾಗದೆ ಉಳಿದು, ಮೊಂಡಾದ ಪ್ರೋಟೀನ್ ತಯಾರಾಗುತ್ತದೆ.

ಒಟ್ಟಿನಲ್ಲಿ ಕೋಡಿಂಗ್ ಭಾಗದ 5%ರಿಂದ 65%ರ ನಡುವೆ, ಪ್ರೋಟೀನ್‌ನ ಮುಖ್ಯ ಡೊಮೇನ್‌ನೊಳಗೆ ಬೀಳುವ ಜಾಗ ಸಿಕ್ಕರೆ ಅದನ್ನು ಹಿಡಿಯಿರಿ. ಡೊಮೇನ್‌ನೊಳಗೆ ಕತ್ತರಿಸಿದರೆ ಚೌಕಟ್ಟು ತಪ್ಪದ ಅಳಿಕೆಗಳೂ ಹಲವು ಬಾರಿ ಪ್ರೋಟೀನ್ ಕೆಡಿಸುತ್ತವೆ.

ಆ ಎಕ್ಸಾನ್‌ನ ಅನುಕ್ರಮವನ್ನು ಕ್ರಿಸ್ಪೋರ್ (CRISPOR) ಅಥವಾ ಚಾಪ್‌ಚಾಪ್‌ನಂಥ ಗೈಡ್ ವಿನ್ಯಾಸದ ತಾಣಕ್ಕೆ ಕೊಡಿ. ಎಸ್‌ಪಿಕ್ಯಾಸ್9ಗೆ (ಇಲ್ಲಿ ಬಳಸುವ ಕ್ಯಾಸ್9) 20 ಅಕ್ಷರದ ಗೈಡ್, ಅದರ ಬೆನ್ನಿಗೇ ಎನ್‌ಜಿಜಿ ಪ್ಯಾಮ್ (ಕ್ಯಾಸ್9 ಹಿಡಿಯಲು ಜೀನೋಮ್‌ನಲ್ಲಿ ಇರಲೇಬೇಕಾದ ಮೂರು ಅಕ್ಷರ; ಎನ್ ಅಂದರೆ ಯಾವುದಾದರೂ ಅಕ್ಷರ). ಕತ್ತರಿಸುವುದು ಪ್ಯಾಮ್‌ಗಿಂತ ಮೂರು ಅಕ್ಷರ ಹಿಂದೆ. ನಾಲ್ಕು ಟಿ ಸಾಲಾಗಿ ಬಂದ ಗೈಡ್ ಬಿಡಿ, ಯು6 ಪ್ರೊಮೋಟರ್‌ನಿಂದ ಶುರುವಾದ ಗೈಡ್ ಆರ್‌ಎನ್‌ಎ ತಯಾರಿಕೆ ಅಲ್ಲಿಗೇ ನಿಂತುಬಿಡುತ್ತದೆ. ಬೇರೆಡೆ ಹೊಂದುವ ಜಾಗಗಳಲ್ಲಿ ಕನಿಷ್ಠ ಮೂರು ಅಕ್ಷರದ ವ್ಯತ್ಯಾಸವಿರುವ ಗೈಡ್‌ಗಳಿಗೆ ಆದ್ಯತೆ. ಒಂದಲ್ಲ, ಮೂರು ಗೈಡ್ ಮಾಡಿಸಿ; ಕೊನೆಗೆ ಎರಡಾದರೂ ಬೇರೆ ಬೇರೆ ಗೈಡ್‌ನಿಂದ ಬಂದ ಕ್ಲೋನ್‌ಗಳು ನಿಮಗೆ ಬೇಕಾಗುತ್ತವೆ.

ಆರ್ಡರ್ ಕೊಡುವ ಮುನ್ನ ನಿಮ್ಮದೇ ಕೋಶಗಳ ಡಿಎನ್‌ಎಯಲ್ಲಿ ಆ ಜಾಗವನ್ನು ಪಿಸಿಆರ್ ಮಾಡಿ ಸೀಕ್ವೆನ್ಸ್ ಮಾಡಿಸಿ. ಉಲ್ಲೇಖ ಜೀನೋಮ್‌ಗಿಂತ ಒಂದು ಅಕ್ಷರ ಪ್ಯಾಮ್‌ನ ಜಿಜಿಯಲ್ಲಿ ಬೇರೆಯಿದ್ದರೂ ಗೈಡ್ ಸತ್ತಂತೆ. ಈ ಪಿಸಿಆರ್‌ನ ಪ್ರೈಮರ್‌ಗಳು (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡುಗಳು) ಹಂತ 5ಕ್ಕೂ ಬೇಕು, ಹಾಗಾಗಿ ಇದು ಹೆಚ್ಚುವರಿ ಖರ್ಚಲ್ಲ.

## ಹಂತ 3: ಗೈಡ್ ಅನ್ನು ಪ್ಲಾಸ್ಮಿಡ್‌ಗೆ ಸೇರಿಸುವುದು

ಪ್ರತಿ ಗೈಡ್‌ಗೆ ಎರಡು ಆಲಿಗೋ (ಆರ್ಡರ್ ಕೊಟ್ಟು ಮಾಡಿಸುವ ಚಿಕ್ಕ ಒಂಟಿ ಎಳೆ ಡಿಎನ್‌ಎ). ಮೇಲಿನದಕ್ಕೆ ಮುಂದೆ ಸಿಎಸಿಸಿ, ನಂತರ ಗೈಡ್. ಕೆಳಗಿನದಕ್ಕೆ ಮುಂದೆ ಎಎಎಸಿ, ನಂತರ ಗೈಡ್‌ನ ತಿರುವು-ಪೂರಕ ಅನುಕ್ರಮ. ಗೈಡ್‌ನ ಮೊದಲ ಅಕ್ಷರ ಜಿ ಅಲ್ಲದಿದ್ದರೆ ಮೇಲಿನ ಆಲಿಗೋದಲ್ಲಿ ಗೈಡ್‌ಗೆ ಮುನ್ನ ಒಂದು ಜಿ, ಕೆಳಗಿನದರ ಕೊನೆಗೆ ಒಂದು ಸಿ ಸೇರಿಸಿ.

ಇಲ್ಲಿ ಎಲ್ಲರೂ ಎಡವುವ ಎರಡು ಕಲ್ಲುಗಳಿವೆ. ಪ್ಯಾಮ್‌ನ ಮೂರು ಅಕ್ಷರಗಳನ್ನೂ ಆಲಿಗೋದಲ್ಲಿ ಸೇರಿಸಿಬಿಡುವುದು ಮೊದಲನೆಯದು; ಪ್ಯಾಮ್ ಇರಬೇಕಾದದ್ದು ಜೀನೋಮ್‌ನಲ್ಲಿ ಮಾತ್ರ. ಎರಡನೆಯದು, ಕೆಳಗಿನ ಆಲಿಗೋದಲ್ಲಿ ಪೂರಕ ಅನುಕ್ರಮ ಬರೆದು ತಿರುವಲು ಮರೆಯುವುದು.

ಅನೀಲಿಂಗ್‌ಗೆ (ಎರಡು ಆಲಿಗೋಗಳನ್ನು ಜೋಡಿಯಾಗಿಸಲು): 100 ಮೈಕ್ರೋಮೋಲಾರ್ ಆಲಿಗೋ ತಲಾ 1 ಮೈಕ್ರೋ ಲೀಟರ್, ಟಿ4 ಲೈಗೇಸ್ ಬಫರ್ 1, ಪಿಎನ್‌ಕೆ 0.5, ನೀರು 6.5. 37 ಡಿಗ್ರಿಯಲ್ಲಿ 30 ನಿಮಿಷ, 95 ಡಿಗ್ರಿಯಲ್ಲಿ 5 ನಿಮಿಷ, ನಂತರ ನಿಮಿಷಕ್ಕೆ 5 ಡಿಗ್ರಿಯಂತೆ 25ಕ್ಕೆ ಇಳಿಸಿ. ಇದನ್ನು 200 ಪಟ್ಟು ತೆಳು ಮಾಡಿ. ಪಿಎನ್‌ಕೆಯ ಬಫರ್ ಬದಲು ಲೈಗೇಸ್ ಬಫರ್ ಹಾಕುವುದು ಎಟಿಪಿಗಾಗಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದ ಬಫರ್‌ನಲ್ಲಿ ಎಟಿಪಿ ಹೋಗಿರುತ್ತದೆ, ಸಣ್ಣ ಸಣ್ಣ ಭಾಗ ಮಾಡಿಟ್ಟುಕೊಳ್ಳಿ.

1 ಮೈಕ್ರೋಗ್ರಾಂ ಪ್ಲಾಸ್ಮಿಡ್ ಅನ್ನು ಬಿಬಿಎಸ್1ನಿಂದ ಕತ್ತರಿಸಿ ಜೆಲ್‌ನಿಂದ ಶುದ್ಧ ಮಾಡಿ. ಹೊರಬೀಳುವ ತುಂಡು ಇಪ್ಪತ್ತೆರಡು ಬೇಸ್‌ನಷ್ಟೇ, ಜೆಲ್‌ನಲ್ಲಿ ಕಾಣುವುದಿಲ್ಲ. ಕತ್ತರಿಸದ ಪ್ಲಾಸ್ಮಿಡ್ ಅನ್ನು ಪಕ್ಕದಲ್ಲೇ ಓಡಿಸಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಬಿಬಿಎಸ್1ನ ಹಳೆಯ ರೂಪ ಮೈನಸ್ 20ರಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಮೈನಸ್ 80ರಲ್ಲಿಡಿ.

50 ನ್ಯಾನೋಗ್ರಾಂ ವೆಕ್ಟರ್‌ಗೆ (ಕತ್ತರಿಸಿದ ಪ್ಲಾಸ್ಮಿಡ್‌ಗೆ) ತೆಳು ಮಾಡಿದ ಆಲಿಗೋ 1 ಮೈಕ್ರೋ ಲೀಟರ್ ಸೇರಿಸಿ ಲೈಗೇಟ್ ಮಾಡಿ, ಬ್ಯಾಕ್ಟೀರಿಯಾಕ್ಕೆ ಸೇರಿಸಿ ಪ್ಲೇಟ್‌ನಲ್ಲಿ ಬೆಳೆಸಿ. ಆಲಿಗೋ ಇಲ್ಲದ ನಿಯಂತ್ರಣ ಪ್ಲೇಟ್ ತಪ್ಪಿಸಬೇಡಿ. ಎರಡೂ ಪ್ಲೇಟ್‌ಗಳಲ್ಲಿ ಕಾಲೊನಿಗಳು ಸಮವಾಗಿದ್ದರೆ ವೆಕ್ಟರ್ ಸರಿಯಾಗಿ ಕತ್ತರಿಸಿಲ್ಲ ಎಂದು ಅರ್ಥ, ಕಾಲೊನಿ ಎತ್ತಲು ಕೂರಬೇಡಿ. ಎರಡು-ಮೂರು ಕಾಲೊನಿಗಳನ್ನು ಯು6 ಪ್ರೈಮರ್‌ನಿಂದ ಸೀಕ್ವೆನ್ಸ್ ಮಾಡಿಸಿ. ಟ್ರಾನ್ಸ್‌ಫೆಕ್ಷನ್‌ಗೆ ಹೋಗುವ ಪ್ಲಾಸ್ಮಿಡ್ ಎಂಡೋಟಾಕ್ಸಿನ್ ಇಲ್ಲದ ಮಿಡಿಪ್ರೆಪ್ ಆಗಿರಲಿ.

## ಹಂತ 4: ಟ್ರಾನ್ಸ್‌ಫೆಕ್ಷನ್ ಮತ್ತು ಪ್ಯೂರೋಮೈಸಿನ್

ಮೊದಲ ದಿನ. 6 ವೆಲ್ ಪ್ಲೇಟ್‌ನಲ್ಲಿ ವೆಲ್‌ಗೆ 4 ಲಕ್ಷ ಕೋಶ, 2 ಮಿಲಿ ಲೀಟರ್ ಮೀಡಿಯಾ. ಈ ಕೋಶಗಳು ತಳವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಪಾಲಿಲೈಸೀನ್ ಲೇಪಿಸಿದ ಪ್ಲೇಟ್ ಇದ್ದರೆ ಮುಂದಿನ ತೊಳೆತಗಳಲ್ಲಿ ನಷ್ಟ ಕಡಿಮೆ.

ಎರಡನೇ ದಿನ. 2 ಮೈಕ್ರೋಗ್ರಾಂ ಪ್ಲಾಸ್ಮಿಡ್ ಅನ್ನು 100 ಮೈಕ್ರೋ ಲೀಟರ್ ಸೀರಮ್ ಇಲ್ಲದ ಮೀಡಿಯಾದಲ್ಲಿ, 6 ಮೈಕ್ರೋ ಲೀಟರ್ ಪಿಇಐಯನ್ನು ಇನ್ನೊಂದು 100ರಲ್ಲಿ ಬೆರೆಸಿ, ಎರಡನ್ನೂ ಕೂಡಿಸಿ 15 ನಿಮಿಷ ಬಿಟ್ಟು ಹನಿ ಹನಿಯಾಗಿ ಹಾಕಿ. ವೆಲ್‌ಗಳ ಹಂಚಿಕೆ ಹೀಗಿರಲಿ: ಮೂರು ಗೈಡ್‌ಗೆ ಮೂರು, ಮಾನವ ಜೀನೋಮ್‌ನಲ್ಲಿ ಎಲ್ಲೂ ಹೊಂದದ ಗೈಡ್ ಇರುವ ಪಿಎಕ್ಸ್459ಕ್ಕೆ ಒಂದು, ಪಿಎಕ್ಸ್458ಕ್ಕೆ ಒಂದು, ಏನೂ ಹಾಕದ್ದು ಒಂದು. ದಕ್ಷತೆ ಅಳೆಯಲು ಚಿಕ್ಕ ಜಿಎಫ್‌ಪಿ ಪ್ಲಾಸ್ಮಿಡ್ ಬಳಸಿದರೆ 90% ಹಸಿರು ಕಂಡು ಮೋಸ ಹೋಗುತ್ತೀರಿ. ಕ್ಯಾಸ್9 ಹೊತ್ತ ಪ್ಲಾಸ್ಮಿಡ್ ಒಂಬತ್ತು ಕಿಲೋಬೇಸ್‌ಗಿಂತ ದೊಡ್ಡದು, ಅದು ಒಳಹೋಗುವ ಪ್ರಮಾಣವೇ ಬೇರೆ.

ಮೂರನೇ ದಿನ. ಪ್ಯೂರೋಮೈಸಿನ್ ಹಾಕುವ ಮುನ್ನ ವೆಲ್ ನೋಡಿ. 90% ತುಂಬಿದ್ದರೆ ಮೊದಲು 10 ಸೆಂಟಿಮೀಟರ್ ಡಿಶ್‌ಗೆ ಹರಡಿ. ಒತ್ತೊತ್ತಾಗಿ ಕೂತ ಕೋಶಗಳು ಔಷಧಿಗೆ ಬೇಗ ಬಗ್ಗುವುದಿಲ್ಲ. ಸಾವಿನ ರೇಖೆಯಿಂದ ಗೊತ್ತಾದ ಪ್ರಮಾಣ ಕೊಟ್ಟು 48 ಗಂಟೆ ಇಡಿ. ಏನೂ ಹಾಕದ ವೆಲ್‌ನಲ್ಲಿ ಎಲ್ಲ ಕೋಶಗಳೂ ದುಂಡಗಾಗಿ ಮೇಲೆ ತೇಲಬೇಕು. ಅಲ್ಲಿ ಅಂಟಿಕೊಂಡಿರುವ ಗುಂಪು ಒಂದಾದರೂ ಕಂಡರೆ, ಉಳಿದ ವೆಲ್‌ಗಳಲ್ಲಿ ಬದುಕಿದವುಗಳಲ್ಲೂ ಪ್ಲಾಸ್ಮಿಡ್ ಒಳಹೋಗದ ಕೋಶಗಳು ಬೆರೆತಿವೆ.

ಐದನೇ ದಿನ. ಪ್ಯೂರೋಮೈಸಿನ್ ತೆಗೆದು ಹೊಸ ಮೀಡಿಯಾ ಕೊಡಿ. ‘ಇನ್ನೆರಡು ದಿನ ಇರಲಿ’ ಎಂದು ಮುಂದುವರಿಸಬೇಡಿ. ಪ್ಲಾಸ್ಮಿಡ್ ಕೋಶದಲ್ಲಿ ಕೆಲವೇ ದಿನ ಇದ್ದು ಹೋಗಬೇಕು. ಆಯ್ಕೆ ಎಳೆದಷ್ಟೂ ಪ್ಲಾಸ್ಮಿಡ್ ಅನ್ನು ತಮ್ಮ ಕ್ರೋಮೋಸೋಮ್‌ಗೆ ಸೇರಿಸಿಕೊಂಡ ಕೋಶಗಳನ್ನೇ ಆರಿಸಿದಂತಾಗುತ್ತದೆ. ಅಂಥವುಗಳಲ್ಲಿ ಕ್ಯಾಸ್9 ಕತ್ತರಿಸುತ್ತಲೇ ಇರುತ್ತದೆ.

ಆರ್‌ಪಿಇ1 ಸೆಲ್ ಲೈನ್‌ನಂತೆ ಪಿ53 (ಡಿಎನ್‌ಎ ಹಾನಿಗೆ ಪ್ರತಿಕ್ರಿಯಿಸುವ ಜೀನ್) ಸರಿಯಾಗಿರುವ ಕೋಶಗಳಲ್ಲಿ ಕ್ಯಾಸ್9 ಕಡಿತಕ್ಕೇ ಕೋಶ ವಿಭಜನೆ ನಿಲ್ಲಿಸಬಹುದು. ಚೆನ್ನಾಗಿ ಬೆಳೆದು ಬಂದ ಕ್ಲೋನ್‌ಗಳಲ್ಲಿ ಪಿ53 ಕೆಟ್ಟವು ಸೇರಿಕೊಳ್ಳುವ ಅಪಾಯವಿದೆ. ಅಲ್ಲಿ ಪ್ಲಾಸ್ಮಿಡ್ ಬದಲು ಕ್ಯಾಸ್9 ಪ್ರೋಟೀನ್ ಮತ್ತು ಗೈಡ್ ಅನ್ನು ಕೂಡಿಸಿ ಎಲೆಕ್ಟ್ರೋಪೊರೇಟ್ ಮಾಡುವುದು (ವಿದ್ಯುತ್ ಮಿಡಿತದಿಂದ ಒಳಸೇರಿಸುವುದು) ಮೇಲು, ಅದು ಒಂದೆರಡು ದಿನದಲ್ಲಿ ಕರಗಿಹೋಗುತ್ತದೆ.

## ಹಂತ 5: ಪೂಲ್ ಅಳೆಯುವುದು

ಹೆಚ್ಚಿನವರು ಹಾರಿ ದಾಟುವ ಹಂತ ಇದು. ಮೂರು-ನಾಲ್ಕು ದಿನ ಚೇತರಿಸಿಕೊಂಡ ಪೂಲ್‌ನಿಂದ 2 ಲಕ್ಷ ಕೋಶ ತೆಗೆದು ಡಿಎನ್‌ಎ ಮಾಡಿ, 600–700 ಬೇಸ್‌ನ ಪಿಸಿಆರ್ ಮಾಡಿ. ಸೀಕ್ವೆನ್ಸಿಂಗ್ ಪ್ರೈಮರ್ ಕಡಿತದ ಜಾಗದಿಂದ ಸುಮಾರು 200–250 ಬೇಸ್ ದೂರವಿರಲಿ. ಬದಲಾಗದ ಕೋಶ ಮತ್ತು ಪೂಲ್, ಎರಡರ ಸ್ಯಾಂಗರ್ ಸೀಕ್ವೆನ್ಸಿಂಗ್ ಕಡತಗಳನ್ನೂ ಟೈಡ್ ಅಥವಾ ಐಸ್ ತಂತ್ರಾಂಶಕ್ಕೆ ಕೊಡಿ; ಶೇಕಡಾ ಎಷ್ಟು ಬದಲಾಗಿದೆ ಎಂದು ಅದು ಲೆಕ್ಕ ಹಾಕುತ್ತದೆ.

ಮೊದಲು ಕಣ್ಣಿನಿಂದಲೇ ಕಡತ ನೋಡಿ. ಸರಿಯಾಗಿ ಕತ್ತರಿಸಿದ ಪೂಲ್‌ನಲ್ಲಿ ಶಿಖರಗಳು ಒಂದೊಂದಾಗಿ, ಚೂಪಾಗಿ ಬರುತ್ತಿದ್ದು, ಪ್ಯಾಮ್‌ಗಿಂತ ಮೂರು ಅಕ್ಷರ ಹಿಂದೆ ಬಂದೊಡನೆ ಒಂದರ ಮೇಲೊಂದು ಬಿದ್ದು ಕಲಸಿಕೊಳ್ಳುತ್ತವೆ, ಕೊನೆಯವರೆಗೂ ಹಾಗೇ ಇರುತ್ತವೆ. ಕಲಸುವಿಕೆ ಮೊದಲ ಅಕ್ಷರದಿಂದಲೇ ಇದ್ದರೆ ಪಿಸಿಆರ್ ಕೆಟ್ಟಿದೆ. ಕಡಿತದ ಜಾಗಕ್ಕಿಂತ ಮೂವತ್ತು ಅಕ್ಷರ ಆಚೆ ಶುರುವಾಗಿದ್ದರೆ, ಅದು ಕ್ರಿಸ್ಪರ್‌ನ ಕೆಲಸವಲ್ಲ. ಟೈಡ್‌ನ ಆರ್-ವರ್ಗ (ಲೆಕ್ಕ ಕಡತಕ್ಕೆ ಎಷ್ಟು ಹೊಂದಿದೆ ಎಂಬ ಅಳತೆ) 0.9ಕ್ಕಿಂತ ಕೆಳಗಿದ್ದರೆ ಅದು ಕೊಟ್ಟ ಶೇಕಡಾವಾರು ನಂಬಬೇಡಿ, ಮತ್ತೆ ಸೀಕ್ವೆನ್ಸ್ ಮಾಡಿಸಿ.

ಇನ್ನು ಲೆಕ್ಕ. ಅಳಿಕೆ-ಸೇರ್ಪಡೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಚೌಕಟ್ಟು ತಪ್ಪಿಸುತ್ತವೆ ಎಂದುಕೊಳ್ಳಿ. ಪೂಲ್‌ನಲ್ಲಿ 80% ಬದಲಾವಣೆ ಇದ್ದರೆ ಒಂದು ಪ್ರತಿ ಕೆಡುವ ಸಂಭವ 53%. ಮೂರು ಪ್ರತಿಗಳೂ ಕೆಡಬೇಕಾದರೆ 0.53ರ ಘನ, ಅಂದರೆ ಸುಮಾರು 15%: ಏಳು ಕ್ಲೋನ್‌ಗೆ ಒಂದು. ಪೂಲ್ 60% ಆದರೆ 0.4ರ ಘನ, 6.4%: ಹದಿನಾರು ಕ್ಲೋನ್‌ಗೆ ಒಂದು. 30% ಆದರೆ 0.2ರ ಘನ, 0.8%: ನೂರಿಪ್ಪತ್ತೈದು ಕ್ಲೋನ್‌ಗೆ ಒಂದು! ಒಂದು ಕೋಶದೊಳಗಿನ ಪ್ರತಿಗಳು ಪೂರ್ತಿ ಸ್ವತಂತ್ರವಾಗಿ ಕತ್ತರಿಸಲ್ಪಡುವುದಿಲ್ಲವಾದ್ದರಿಂದ ವಾಸ್ತವದ ಸಂಖ್ಯೆ ಇದಕ್ಕಿಂತ ತುಸು ಉತ್ತಮವಿರಬಹುದು, ಆದರೆ ದಿಕ್ಕು ಇದೇ. 30% ಪೂಲ್‌ನಿಂದ ಎರಡು ಪ್ಲೇಟ್ ಕ್ಲೋನ್ ಹಾಕಿ ಕೂರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೂರು ಪ್ರತಿಯ ಕೋಶಗಳಲ್ಲಿ ಪೂಲ್ 50% ದಾಟದಿದ್ದರೆ ಮುಂದೆ ಹೋಗಬೇಡಿ. ಬೇರೆ ಗೈಡ್ ನೋಡಿ, ಇಲ್ಲವೇ ಅದೇ ಪೂಲ್‌ಗೆ ಇನ್ನೊಮ್ಮೆ ಟ್ರಾನ್ಸ್‌ಫೆಕ್ಷನ್ ಮಾಡಿ. ಸರಿಯಾಗಿ ಹೊಂದದ ಡಿಎನ್‌ಎ ಜೋಡಿಗಳನ್ನು ಕತ್ತರಿಸಿ ಅಳೆಯುವ ಟಿ7ಇ1 ಪರೀಕ್ಷೆಯನ್ನೇ ನೆಚ್ಚಿಕೊಳ್ಳುವುದು ಬೇಡ: ಹೆಚ್ಚು ಕತ್ತರಿಸಿದ ಪೂಲ್‌ಗಳಲ್ಲಿ ಅದು ಕಡಿಮೆ ತೋರಿಸುತ್ತದೆ.

ಇದೇ ಹೊತ್ತಿಗೆ ಪೂಲ್‌ನ ವೆಸ್ಟರ್ನ್ ಒಂದು ಹಾಕಿಬಿಡಿ. ಡಿಎನ್‌ಎಯಲ್ಲಿ 80% ಬದಲಾಗಿ, ಹತ್ತು ದಿನ ಕಳೆದರೂ ಪ್ರೋಟೀನ್ ಪಟ್ಟಿ ಕಿಂಚಿತ್ತೂ ತೆಳುವಾಗದಿದ್ದರೆ ಹಂತ 2ರಲ್ಲಿ ಆರಿಸಿದ ಜಾಗವೇ ತಪ್ಪಿರಬಹುದು, ಇಲ್ಲವೇ ಆ್ಯಂಟಿಬಾಡಿ ಬೇರೇನನ್ನೋ ಹಿಡಿಯುತ್ತಿದೆ. ಎರಡರಲ್ಲಿ ಯಾವುದಾದರೂ ಈಗ ಗೊತ್ತಾದರೆ ಆರು ವಾರ ಉಳಿಯಿತು.

## ಹಂತ 6: ಒಂಟಿ ಕೋಶದಿಂದ ಕ್ಲೋನ್

ಮೊದಲು ಪೂಲ್‌ನ ಮೂರು ವಯಲ್ ಹೆಪ್ಪುಗಟ್ಟಿಸಿಡಿ. ಮುಂದೇನೇ ಕೆಟ್ಟರೂ ಇಲ್ಲಿಗೆ ಮರಳಬಹುದು.

ಕೋಶಗಳನ್ನು ಚೆನ್ನಾಗಿ ಬಿಡಿಸಿ 40 ಮೈಕ್ರಾನ್ ಜರಡಿಯಲ್ಲಿ ಸೋಸಿ. ಜೋಡಿಯಾಗಿ ಅಂಟಿದ ಕೋಶಗಳೇ ಬೆರಕೆ ಕ್ಲೋನ್‌ಗಳ ಮೂಲ. ಎಣಿಸಿ, ಮಿಲಿ ಲೀಟರ್‌ಗೆ 1 ಲಕ್ಷಕ್ಕೆ ತನ್ನಿ. ಅದನ್ನು ನೂರು ಪಟ್ಟು ತೆಳು ಮಾಡಿದರೆ ಮಿಲಿ ಲೀಟರ್‌ಗೆ 1000. ಅದರಲ್ಲಿ 110 ಮೈಕ್ರೋ ಲೀಟರ್ ಅನ್ನು 22 ಮಿಲಿ ಲೀಟರ್ ಮೀಡಿಯಾಕ್ಕೆ ಹಾಕಿದರೆ ಮಿಲಿ ಲೀಟರ್‌ಗೆ 5 ಕೋಶ. ವೆಲ್‌ಗೆ 100 ಮೈಕ್ರೋ ಲೀಟರ್, ಅಂದರೆ ಸರಾಸರಿ ಅರ್ಧ ಕೋಶ. ಇಷ್ಟರಲ್ಲಿ ಎರಡು 96 ವೆಲ್ ಪ್ಲೇಟ್ ತುಂಬುತ್ತವೆ.

ವೆಲ್‌ಗೆ ಒಂದು ಕೋಶವೇ ಏಕಲ್ಲ? ಪಾಯ್ಸನ್ ಹಂಚಿಕೆಯ ಪ್ರಕಾರ ಸರಾಸರಿ 1 ಇಟ್ಟರೆ, ಕೋಶ ಬಿದ್ದ ವೆಲ್‌ಗಳಲ್ಲಿ 58% ಮಾತ್ರ ಒಂಟಿ ಕೋಶದವು. ಸರಾಸರಿ 0.5 ಇಟ್ಟರೆ 77%. ಖಾಲಿ ವೆಲ್‌ಗಳು ಹೆಚ್ಚಾಗುತ್ತವೆ ನಿಜ, ಆದರೆ ಖಾಲಿ ವೆಲ್‌ನಿಂದ ನಷ್ಟವಿಲ್ಲ. ಬೆರಕೆ ಕ್ಲೋನ್‌ನಿಂದ ವಾರಗಟ್ಟಲೆ ನಷ್ಟ.

ಮೀಡಿಯಾದಲ್ಲಿ 20% ಎಫ್‌ಬಿಎಸ್ ಇರಲಿ. ಚೆನ್ನಾಗಿ ಬೆಳೆಯುತ್ತಿರುವ ಮೂಲ ಕೋಶಗಳ ಮೇಲೆ 24 ಗಂಟೆ ಇದ್ದ ಮೀಡಿಯಾವನ್ನು 0.22 ಮೈಕ್ರಾನ್‌ನಲ್ಲಿ ಸೋಸಿ ಅರ್ಧಕ್ಕರ್ಧ ಬೆರೆಸಿದರೆ ಒಂಟಿ ಕೋಶಗಳು ಬದುಕುವುದು ಹೆಚ್ಚು.

ಮರುದಿನ ಬೆಳಿಗ್ಗೆ ಪ್ರತಿ ವೆಲ್ ಅನ್ನೂ ಮೈಕ್ರೋಸ್ಕೋಪ್‌ನಲ್ಲಿ ಅಂಚಿನ ಸುತ್ತ ಒಮ್ಮೆ ಪೂರ್ತಿ ಸುತ್ತಿ ನೋಡಿ. ಕೋಶ ಹೆಚ್ಚಾಗಿ ಗೋಡೆಯ ನೆರಳಲ್ಲೇ ಅಡಗಿರುತ್ತದೆ. ಒಂದೇ ಕೋಶವಿರುವ ವೆಲ್‌ಗಳನ್ನು ಗುರುತಿಸಿ. ನಂತರ ಐದು ದಿನ ಪ್ಲೇಟ್ ಅಲುಗಿಸಬೇಡಿ. ಈ ಕೋಶಗಳು ಸುಲಭವಾಗಿ ಎದ್ದು ಬೇರೆಡೆ ಕೂರುತ್ತವೆ, ಆಗ ಒಂದೇ ಕ್ಲೋನ್ ಎರಡು ಕಾಲೊನಿಯಾಗಿ ಕಂಡು ಒಳ್ಳೆಯದನ್ನೂ ಎಸೆಯುವಂತಾಗುತ್ತದೆ. ಏಳೆಂಟನೇ ದಿನ ಒಂದೇ ಕೇಂದ್ರದಿಂದ ದುಂಡಗೆ ಹರಡಿದ ಕಾಲೊನಿ ಉಳಿಸಿ. ಎಂಟರ ಅಂಕಿಯಂತೆ ನಡುವೆ ಸೊಂಟವಿರುವುದನ್ನು ಬಿಡಿ.

ಎರಡು ವಾರದ ಸುಮಾರಿಗೆ 24 ವೆಲ್‌ಗೆ, ಅಲ್ಲಿಂದ 6 ವೆಲ್‌ಗೆ ಏರಿಸಿ. ಪ್ರತಿ ಏರಿಕೆಯಲ್ಲೂ ಒಂದು ಭಾಗ ಡಿಎನ್‌ಎಗೆ ತೆಗೆದಿಡಿ. ಹೊಂದದ ಗೈಡ್‌ನ ಪೂಲ್‌ನಿಂದಲೂ ಎರಡು ಕ್ಲೋನ್ ಬೆಳೆಸಬೇಕು. ಕ್ಲೋನ್‌ನಿಂದ ಕ್ಲೋನ್‌ಗೆ ಸ್ವಾಭಾವಿಕವಾಗಿಯೇ ವ್ಯತ್ಯಾಸ ಇರುವುದರಿಂದ ಮೂಲ ಕೋಶಗಳ ಜೊತೆಗಷ್ಟೇ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

## ಹಂತ 7: ಕ್ಲೋನ್‌ನ ಡಿಎನ್‌ಎ ಓದುವುದು

ಹಂತ 5ರ ಪ್ರೈಮರ್‌ಗಳಿಂದಲೇ ಪಿಸಿಆರ್, ಸ್ಯಾಂಗರ್, ಐಸ್. ಮೂರು ಪ್ರತಿಯ ಜೀನ್ ಎಂದುಕೊಂಡು ಫಲಿತಾಂಶಗಳನ್ನು ಹೀಗೆ ಓದಿ (+1 ಅಂದರೆ ಒಂದು ಬೇಸ್ ಸೇರ್ಪಡೆ, −7 ಅಂದರೆ ಏಳು ಬೇಸ್ ಅಳಿಕೆ).

+1 ಶೇ. 34, −7 ಶೇ. 33, −3 ಶೇ. 31: ಬಿಡಿ. ಮೂರು ಬೇಸ್ ಅಳಿಕೆಯ ಪ್ರತಿ ಒಂದು ಅಮೈನೋ ಆಮ್ಲ ಕಡಿಮೆಯಾದ ಪ್ರೋಟೀನ್ ಮಾಡುತ್ತದೆ. ‘ಮೂಲ ಅನುಕ್ರಮ ಸೊನ್ನೆ, ಹಾಗಾಗಿ ನಾಕ್‌ಔಟ್’ ಅನ್ನುವವರು ಕೈ ಸುಟ್ಟುಕೊಳ್ಳುವುದು ಇಂಥ ಕ್ಲೋನ್‌ನಲ್ಲೇ.

+1 ಶೇ. 66, −10 ಶೇ. 32: ಇಟ್ಟುಕೊಳ್ಳಿ. ಎರಡು ಪ್ರತಿಗಳಿಗೆ ಒಂದೇ ಬದಲಾವಣೆ.

ನಾಲ್ಕೈದು ರೂಪಗಳು ಅಡ್ಡಾದಿಡ್ಡಿ ಅನುಪಾತದಲ್ಲಿ: ಬೆರಕೆ ಕ್ಲೋನ್. ಮತ್ತೆ ಒಂಟಿ ಕೋಶ ಬೇರ್ಪಡಿಸಿ.

+1 ಶೇ. 98: ಸಂಭ್ರಮಿಸುವ ಮುನ್ನ ಅನುಮಾನಿಸಿ. ಮೂರಕ್ಕೂ ಒಂದೇ ಬದಲಾವಣೆ ಆಗಿರಬಹುದು, +1 ಸಾಮಾನ್ಯವೇ. ಆದರೆ ಒಂದೋ ಎರಡೋ ಪ್ರತಿಗಳಲ್ಲಿ ಸಾವಿರಾರು ಬೇಸ್‌ನ ಅಳಿಕೆಯಾಗಿ, ಪ್ರೈಮರ್ ಕೂರುವ ಜಾಗವೇ ಹೋಗಿರಬಹುದು. ಕಾಣದ ಪ್ರತಿಯನ್ನು ಸ್ಯಾಂಗರ್ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. 3–5 ಕಿಲೋಬೇಸ್ ವ್ಯಾಪ್ತಿಯ ಹೊರ ಪ್ರೈಮರ್‌ಗಳಿಂದ ಉದ್ದ ಪಿಸಿಆರ್ ಮಾಡಿ, ಅಥವಾ ಪ್ರತಿಗಳ ಸಂಖ್ಯೆಯನ್ನು ಕ್ಯುಪಿಸಿಆರ್‌ನಿಂದ (ಪ್ರಮಾಣ ಅಳೆಯುವ ಪಿಸಿಆರ್) ಅಳೆಯಿರಿ.

ಕೊನೆಗೆ ಉಳಿದ ಕ್ಲೋನ್‌ಗಳ ಪ್ರತಿರೂಪವನ್ನು ಪ್ಯೂರೋಮೈಸಿನ್‌ಗೆ ಒಡ್ಡಿ. ಒಳ್ಳೆಯ ಕ್ಲೋನ್ ಸಾಯಬೇಕು. ಬದುಕಿದರೆ ಪ್ಲಾಸ್ಮಿಡ್ ಒಳಗೇ ಸೇರಿಕೊಂಡಿದೆ. ಗೈಡ್ ವಿನ್ಯಾಸದ ತಾಣ ಕೊಟ್ಟ ಮೊದಲ ಐದು ಅನ್ಯ ಗುರಿಗಳನ್ನೂ (ಗೈಡ್ ತಪ್ಪಾಗಿ ಕತ್ತರಿಸಬಹುದಾದ ಬೇರೆ ಜಾಗಗಳನ್ನೂ) ಇದೇ ಹೊತ್ತಿಗೆ ಸೀಕ್ವೆನ್ಸ್ ಮಾಡಿಸಿ.

## ಹಂತ 8: ಪ್ರೋಟೀನ್ ಇಲ್ಲವೆಂದು ತೋರಿಸುವುದು

ಕ್ಯುಪಿಸಿಆರ್‌ನಲ್ಲಿ ಎಂಆರ್‌ಎನ್‌ಎ ಕಡಿಮೆಯಾಗಿದ್ದು ನಾಕ್‌ಔಟ್‌ನ ಪುರಾವೆಯಲ್ಲ, ಕಡಿಮೆಯಾಗದಿದ್ದುದು ಸೋಲೂ ಅಲ್ಲ. ಒಂದು ಬೇಸ್ ಹೆಚ್ಚಾದ ಎಂಆರ್‌ಎನ್‌ಎಯನ್ನು ನಿಮ್ಮ ಕ್ಯುಪಿಸಿಆರ್ ಪ್ರೈಮರ್‌ಗಳು ಯಾವ ಭೇದವೂ ಇಲ್ಲದೆ ವರ್ಧಿಸುತ್ತವೆ. ಎಸ್‌ಐಆರ್‌ಎನ್‌ಎಗೆ ಹೊಂದುವ ಪರೀಕ್ಷೆಯನ್ನು ಇಲ್ಲಿಗೆ ತಂದು ಗೊಂದಲಕ್ಕೆ ಬಿದ್ದವರು ತುಂಬ.

ವೆಸ್ಟರ್ನ್‌ನಲ್ಲಿ 20–30 ಮೈಕ್ರೋಗ್ರಾಂ ಲೈಸೇಟ್ (ಕೋಶ ಒಡೆದು ತೆಗೆದ ಪ್ರೋಟೀನ್) ಹಾಕಿ. ಪಕ್ಕದಲ್ಲಿ ಮೂಲ ಕೋಶಗಳ ಲೈಸೇಟ್ ಅನ್ನು 100%, 25%, 5% ಎಂದು ಮೂರು ಪಟ್ಟಿಗಳಲ್ಲಿ ಹಾಕಿ. 5% ಪಟ್ಟಿ ಕಾಣುತ್ತಿದ್ದು ನಿಮ್ಮ ಕ್ಲೋನ್ ಖಾಲಿಯಿದ್ದರೆ ಮಾತ್ರ ‘ಇಲ್ಲ’ ಎನ್ನಲು ಬಲ ಬರುತ್ತದೆ. 25% ಪಟ್ಟಿಯೇ ಕಾಣದ ಬ್ಲಾಟ್‌ನಲ್ಲಿ ಖಾಲಿ ಜಾಗಕ್ಕೆ ಬೆಲೆಯಿಲ್ಲ. ಪೊರೆಯನ್ನು ಕತ್ತರಿಸದೆ ಪೂರ್ತಿ ತೋರಿಸಿ, ಮೊಂಡಾದ ಪ್ರೋಟೀನ್ ಕೆಳಗೆ ಎಲ್ಲೋ ಕೂತಿರಬಹುದು. ಆ್ಯಂಟಿಬಾಡಿ ಯಾವ ತುದಿಯನ್ನು ಹಿಡಿಯುತ್ತದೆ ಎಂದು ತಿಳಿದಿರಬೇಕು: ಸಿ-ತುದಿಯದಾದರೆ ಎನ್-ತುದಿಯ ತುಣುಕು ಅದಕ್ಕೆ ಕಾಣುವುದಿಲ್ಲ.

ಕೊನೆಯ ಪರೀಕ್ಷೆ ಮರುಸ್ಥಾಪನೆ. ಅದೇ ಜೀನ್‌ನ ಸಿಡಿಎನ್‌ಎಯನ್ನು (ಎಂಆರ್‌ಎನ್‌ಎಯಿಂದ ನಕಲಿಸಿದ ಡಿಎನ್‌ಎ), ಅಮೈನೋ ಆಮ್ಲ ಬದಲಾಗದಂತೆ ಪ್ಯಾಮ್ ಕೆಡಿಸಿ, ಕ್ಲೋನ್‌ಗೆ ಮರಳಿ ಕೊಡಿ. ಇನ್ನೊಂದಕ್ಕೆ ಖಾಲಿ ವೆಕ್ಟರ್. ಕಂಡ ಲಕ್ಷಣ ಮೊದಲಿನಂತಾಗಬೇಕು. ಆಯ್ಕೆಗೆ ಹೈಗ್ರೋಮೈಸಿನ್ ಅಥವಾ ಬ್ಲಾಸ್ಟಿಸಿಡಿನ್ ಬಳಸಿ. ಎರಡು ಗೈಡ್‌ಗಳಿಂದ ತಲಾ ಎರಡು ಕ್ಲೋನ್‌ಗಳಲ್ಲಿ ಒಂದೇ ಲಕ್ಷಣ ಬಂದು, ಮರುಸ್ಥಾಪನೆಯೂ ಆದರೆ ಆ ಫಲಿತಾಂಶವನ್ನು ಯಾರ ಮುಂದೆಯೂ ಇಡಬಹುದು.

## ಸೇವಾ ಪ್ರಯೋಗಾಲಯಕ್ಕೆ ಕೊಡುವುದಾದರೆ

ಕೆಲಸ ಹೊರಗೆ ಕೊಟ್ಟರೂ ಹಂತ 2 ಮತ್ತು ಹಂತ 8 ನಿಮ್ಮವೇ. ಗುರಿಯ ಎಕ್ಸಾನ್ ಯಾವುದು, ಏಕೆ ಎಂದು ಬರಹದಲ್ಲಿ ಒಪ್ಪಿಗೆಯಾದ ಮೇಲೆ ಮುಂಗಡ ಕೊಡಿ. ನಿಮ್ಮದೇ ಕೋಶಗಳನ್ನು ಕಳಿಸಿ. ಅವರಲ್ಲಿರುವ ಅದೇ ಹೆಸರಿನ ಕೋಶ ನಿಮ್ಮದರಂತೆ ವರ್ತಿಸುತ್ತದೆಂದು ಎಣಿಸಬೇಡಿ. ಕಳಿಸುವ ಮುನ್ನ ಅದೇ ಪ್ಯಾಸೇಜ್‌ನ ಐದು ವಯಲ್ ನಿಮ್ಮ ದ್ರವ ಸಾರಜನಕದಲ್ಲಿರಲಿ.

ಒಪ್ಪಂದದಲ್ಲಿ ಇವು ಸ್ಪಷ್ಟವಾಗಿರಬೇಕು: ಎರಡು ಗೈಡ್‌ಗಳಿಂದ ಎಷ್ಟು ಕ್ಲೋನ್, ಪ್ರತಿ ಕ್ಲೋನ್‌ನ ಎಲ್ಲ ಪ್ರತಿಗಳ ಅನುಕ್ರಮ, ಸೀಕ್ವೆನ್ಸಿಂಗ್‌ನ ಮೂಲ ಕಡತಗಳು, ಪೂಲ್‌ನ ಅಳತೆ, ಹೊಂದದ ಗೈಡ್‌ನ ನಿಯಂತ್ರಣ ಕ್ಲೋನ್, ಹಸ್ತಾಂತರದ ವೇಳೆಯ ಮೈಕೋಪ್ಲಾಸ್ಮಾ ಮತ್ತು ಎಸ್‌ಟಿಆರ್ ವರದಿ, ಪ್ರೋಟೀನ್ ಉಳಿದಿದ್ದರೆ ಮರುಕೆಲಸದ ಹೊಣೆ ಯಾರದು. ‘ಅನುಕ್ರಮ ಬದಲಾಗಿದೆ’ ಅನ್ನುವುದಷ್ಟೇ ಖಾತರಿಯಾದರೆ −3ರ ಕ್ಲೋನ್ ಕೊಟ್ಟರೂ ಅವರ ಕೆಲಸ ಮುಗಿದಂತೆ. ಚೌಕಟ್ಟು ತಪ್ಪಿದ ಬದಲಾವಣೆ ಎಲ್ಲ ಪ್ರತಿಗಳಲ್ಲೂ ಇರಬೇಕು ಎಂದು ಬರೆಸಿ. ಚಿತ್ರವಾಗಿ ಕತ್ತರಿಸಿ ಅಂಟಿಸಿದ ಶಿಖರಗಳನ್ನು ಕಳಿಸಿ, ಮೂಲ ಕಡತ ಕೇಳಿದರೆ ತಡಮಾಡುವುದು ಎಚ್ಚರಿಕೆಯ ಗಂಟೆ.

ವಯಲ್‌ಗಳು ಬಂದ ದಿನವೇ ಒಂದನ್ನು ಕರಗಿಸಿ, ಬೇರೆ ಇನ್‌ಕ್ಯುಬೇಟರ್‌ನಲ್ಲಿ ಬೆಳೆಸಿ. ಮೈಕೋಪ್ಲಾಸ್ಮಾ ಪರೀಕ್ಷೆ, ಗುರಿಯ ಸೀಕ್ವೆನ್ಸಿಂಗ್, ವೆಸ್ಟರ್ನ್ ಮೂರನ್ನೂ ನೀವೇ ಮಾಡಿ, ಒಪ್ಪಂದದ ದೂರಿನ ಅವಧಿ ಮುಗಿಯುವ ಮುನ್ನ ಮುಗಿಸಿ. ಸರಿಯಿದ್ದರೆ ತಡಮಾಡದೆ 10% ಡಿಎಂಎಸ್‌ಒ, 90% ಎಫ್‌ಬಿಎಸ್‌ನಲ್ಲಿ ಹತ್ತು ವಯಲ್ ಮಾಡಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ ದ್ರವ ಸಾರಜನಕಕ್ಕೆ ಹಾಕಿ. ಲೇಬಲ್ ಮೇಲೆ ಕೋಶದ ಹೆಸರು, ಜೀನ್, ಗೈಡ್ ಸಂಖ್ಯೆ, ಕ್ಲೋನ್ ಸಂಖ್ಯೆ, ಪ್ಯಾಸೇಜ್, ದಿನಾಂಕ ಆರೂ ಇರಬೇಕು. ‘ಕೆಒ-2’ ಎಂದಷ್ಟೇ ಬರೆದ ವಯಲ್ ಯಾರದು, ಯಾವುದು ಎಂದು ಎರಡು ವರ್ಷದ ನಂತರ ಯಾರಿಗೂ ಹೇಳಲಾಗುವುದಿಲ್ಲ.